ಅಕ್ಷರಕ್ಕೆ ತೊಡರುವ ಮಗು: ಕಲಿಕಾ ನ್ಯೂನತೆ, ಮಾನಸಿಕ ಸ್ವಾಸ್ಥ್ಯ ಮತ್ತು ಶಾಲೆಯ ಹೊಣೆ

ಪ್ರತಿಯೊಂದು ತರಗತಿಯಲ್ಲಿಯೂ ಉಪಾಧ್ಯಾಯರನ್ನು ಚಿಂತೆಗೆ ಹಚ್ಚುವ ಒಂದಿಬ್ಬರು ಮಕ್ಕಳು ಇದ್ದೇ ಇರುತ್ತಾರೆ. ಒಮ್ಮೆ ಕೇಳಿದ ಕಥೆಯನ್ನು ಅವರು ಎಳೆ ತಪ್ಪದಂತೆ ತಿರುಗಿ ಹೇಳಬಲ್ಲರು. ಸಂತೆಯ ಚಿಲ್ಲರೆ ಲೆಕ್ಕವನ್ನು ಬಾಯಲ್ಲಿಯೇ ಮಾಡಬಲ್ಲರು. ಕೆಟ್ಟ ಸೈಕಲ್ಲನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲರು. ಆದರೆ ಪಠ್ಯಪುಸ್ತಕವನ್ನು ಕೈಗಿತ್ತು ‘ಓದು’ ಎಂದೊಡನೆ ಅವರ ಧ್ವನಿ ಉಡುಗುತ್ತದೆ. ಬೆರಳು ಸಾಲಿನ ಮೇಲೆ ತಡವರಿಸುತ್ತದೆ. ಉಕ್ತಲೇಖನದ ವಹಿಯ ತುಂಬ ಕೆಂಪು ಗೆರೆಗಳು. ಇಂಥ ಮಗುವನ್ನು ಕುರಿತು ನಮ್ಮ ಶಾಲೆಗಳಲ್ಲಿ ರೂಢಿಯಾಗಿ ಬಂದಿರುವ ತೀರ್ಪುಗಳು ಎರಡು: ಒಂದು, ದಡ್ಡ, ಇನ್ನೊಂದು, ಸೋಮಾರಿ. ಈ ಎರಡೂ ತೀರ್ಪುಗಳು ಎಷ್ಟೋ ಸಂದರ್ಭಗಳಲ್ಲಿ ಆಧಾರವಿಲ್ಲದವು ಎಂಬುದನ್ನು ವೈದ್ಯಶಾಸ್ತ್ರವೂ ಮನಶ್ಶಾಸ್ತ್ರವೂ ಕಳೆದ ಒಂದೂಕಾಲು ಶತಮಾನದ ಅಧ್ಯಯನದಿಂದ ತಿಳಿಸಿಕೊಟ್ಟಿವೆ. ಆ ತಿಳಿವಳಿಕೆಯ ಸಾರವನ್ನು ಪಾಲಕರ ಹಾಗೂ ಉಪಾಧ್ಯಾಯ ಬಂಧುಗಳ ಮುಂದಿಟ್ಟು, ಶಾಲೆಯು ಮಾಡಬಹುದಾದ ಕಾರ್ಯವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪರಿಕಲ್ಪನೆಯ ಹಿನ್ನೆಲೆ

ಓದಿನ ಈ ತೊಡಕಿಗೆ ‘ಡಿಸ್ಲೆಕ್ಸಿಯಾ’ ಎಂಬ ಹೆಸರನ್ನು ಮೊದಲು ಬಳಸಿದವನು ಜರ್ಮನಿಯ ನೇತ್ರವೈದ್ಯ ರುಡಾಲ್ಫ್ ಬರ್ಲಿನ್. ಆದರೆ ಆತನು ಹೇಳಿದುದು ಮಿದುಳಿಗೆ ಪೆಟ್ಟು ಬಿದ್ದು ಓದುವ ಶಕ್ತಿಯನ್ನು ಕಳೆದುಕೊಂಡ ವಯಸ್ಕರನ್ನು ಕುರಿತು. ಯಾವ ಪೆಟ್ಟೂ ಇಲ್ಲದೆ ಹುಟ್ಟಿನಿಂದಲೇ ಇಂಥ ತೊಡಕಿರಬಹುದೆಂಬುದನ್ನು ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದನು. ಆತನು ಕಂಡ ಪರ್ಸಿ ಎಂಬ ಬಾಲಕನಿಗೆ ಹದಿನಾಲ್ಕು ವರ್ಷ. ಆಟದಲ್ಲಿ ಚುರುಕು, ಮಾತಿನಲ್ಲಿ ಜಾಣ, ಗಣಿತದಲ್ಲಿ ಸಮರ್ಥ. ಆದರೂ ಏಳು ವರ್ಷಗಳ ಪಾಠದ ಬಳಿಕವೂ ಚಿಕ್ಕ ಪದಗಳಾಚೆಗೆ ಓದಲಾರನು. ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿ ಬರೆದು, ತಪ್ಪನ್ನು ಬೇರೆಯವರು ತೋರಿಸುವವರೆಗೆ ಅರಿಯದೆ ಹೋದನು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾದರೆ ಶಾಲೆಗೇ ಇವನು ಅತ್ಯಂತ ಜಾಣನಾಗುತ್ತಿದ್ದನೆಂದು ಅವನ ಉಪಾಧ್ಯಾಯನು ಅಭಿಪ್ರಾಯಪಟ್ಟಿದ್ದನು. ಅಂದಿನ ಆ ಮಾತು ಇಂದಿಗೂ ನಮ್ಮ ಎಷ್ಟೋ ತರಗತಿಗಳಿಗೆ ಅನ್ವಯಿಸುತ್ತದೆ.

ಮುಂದೆ 1963ರಲ್ಲಿ ಅಮೆರಿಕದ ಶಿಕ್ಷಣತಜ್ಞ ಸ್ಯಾಮ್ಯುಯೆಲ್ ಕರ್ಕ್ ಓದು, ಬರಹ, ಲೆಕ್ಕಗಳ ಇಂಥ ತೊಡಕುಗಳನ್ನು ಒಂದೇ ಹೆಸರಿನಡಿ ತಂದನು. ಅದನ್ನೇ ನಾವಿಂದು ‘ಕಲಿಕಾ ನ್ಯೂನತೆ’ ಎನ್ನುತ್ತೇವೆ. ನಮ್ಮ ದೇಶದ ಕಾನೂನು ಇದನ್ನು ಗುರುತಿಸಲು ಇನ್ನೂ ಹೆಚ್ಚು ಕಾಲ ಹಿಡಿಯಿತು. 1995ರ ಅಂಗವಿಕಲರ ಅಧಿನಿಯಮದಲ್ಲಿ ಹೆಸರಿಸಿದ್ದ ಏಳು ಬಗೆಗಳಲ್ಲಿ ಕಲಿಕಾ ನ್ಯೂನತೆ ಇರಲಿಲ್ಲ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಆ ಸಂಖ್ಯೆಯನ್ನು 21ಕ್ಕೆ ಏರಿಸಿ, ‘ನಿರ್ದಿಷ್ಟ ಕಲಿಕಾ ನ್ಯೂನತೆ’ಗೂ ಅದರಲ್ಲಿ ಸ್ಥಾನ ಕೊಟ್ಟಿತು.

ಯಾವುದು ನ್ಯೂನತೆ, ಯಾವುದು ಅಲ್ಲ

‘ನಿರ್ದಿಷ್ಟ’ ಎಂಬ ವಿಶೇಷಣ ಇಲ್ಲಿ ಅತ್ಯಂತ ಮುಖ್ಯ. ಮಗುವಿನ ಬುದ್ಧಿಶಕ್ತಿ ಸಮವಯಸ್ಕರಂತೆಯೇ ಇದ್ದು, ಕಣ್ಣು ಕಿವಿಗಳು ಸರಿಯಾಗಿದ್ದು, ಪಾಠವೂ ಕ್ರಮವಾಗಿ ದೊರೆತಿದ್ದು, ಆದರೂ ಓದು, ಬರಹ ಅಥವಾ ಲೆಕ್ಕ ಇವುಗಳಲ್ಲಿ ಒಂದೆರಡು ಮಾತ್ರ ಹಿಡಿತಕ್ಕೆ ಬಾರದಿದ್ದರೆ ಅದು ನಿರ್ದಿಷ್ಟ ಕಲಿಕಾ ನ್ಯೂನತೆ. ಓದಿನ ತೊಡಕು ಡಿಸ್ಲೆಕ್ಸಿಯಾ, ಬರಹದ್ದು ಡಿಸ್ಗ್ರಾಫಿಯಾ, ಲೆಕ್ಕದ್ದು ಡಿಸ್ಕ್ಯಾಲ್ಕುಲಿಯಾ. ಮಾತಿನ ಧ್ವನಿಗಳನ್ನು ಬಿಡಿಸಿ, ಅವುಗಳನ್ನು ಬರಹದ ಗುರುತುಗಳೊಡನೆ ಬೆಸೆಯುವ ಕಾರ್ಯ ಮಿದುಳಿನಲ್ಲಿ ಬೇರೆ ರೀತಿಯಲ್ಲಿ ನಡೆಯುವುದರಿಂದ ಓದಿನ ತೊಡಕು ಉಂಟಾಗುತ್ತದೆ. ಇದು ಹಲವೊಮ್ಮೆ ವಂಶದಲ್ಲಿ ಹರಿದುಬರುವಂಥದು. ತಾಯಿತಂದೆಗಳ ನಿರ್ಲಕ್ಷ್ಯದಿಂದ ಬಂದುದಲ್ಲ. ಗದರಿಕೆಯಿಂದ ಹೋಗುವಂಥದೂ ಅಲ್ಲ. ಬುದ್ಧಿಯ ಬೆಳವಣಿಗೆಯೇ ಒಟ್ಟಾರೆ ಕುಂಠಿತವಾಗಿರುವ ಬೌದ್ಧಿಕ ಅಸಾಮರ್ಥ್ಯವು ಇದಕ್ಕಿಂತ ಭಿನ್ನವಾದ ಸ್ಥಿತಿ. ಇವೆರಡನ್ನೂ ಒಂದೇ ಎಂದು ತಿಳಿದರೆ ಎರಡೂ ಬಗೆಯ ಮಕ್ಕಳಿಗೆ ಅನ್ಯಾಯವಾಗುತ್ತದೆ.

ಹಾಗೆಂದು ಓದಿನಲ್ಲಿ ಹಿಂದುಳಿದ ಪ್ರತಿಯೊಂದು ಮಗುವಿಗೂ ಈ ಹೆಸರನ್ನು ಅಂಟಿಸುವುದು ಸಲ್ಲದು. ಸುಗ್ಗಿಯ ಕಾಲದಲ್ಲಿ ತಾಯಿತಂದೆಗಳೊಡನೆ ಗುಳೆ ಹೋಗಿ ತಿಂಗಳುಗಟ್ಟಲೆ ಶಾಲೆ ತಪ್ಪಿದ ಮಗುವಿಗೆ ಬೇಕಾದುದು ತಪ್ಪಿದ ಪಾಠ. ಮನೆಯಲ್ಲಿ ಲಂಬಾಣಿ, ಉರ್ದು, ಮರಾಠಿ ಅಥವಾ ತೆಲುಗು ಆಡುವ ಮಗುವಿಗೆ ಕನ್ನಡದ ಪದಗಳೇ ಹೊಸವು. ಕನ್ನಡವೇ ಮನೆಮಾತಾದ ಮಗುವೂ ಆಡುಮಾತಿನಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನು ಅಷ್ಟಾಗಿ ಕೇಳಿರುವುದಿಲ್ಲ. ಆದುದರಿಂದ ‘ಧನ’ ಎಂದು ಬರೆಯಬೇಕಾದಲ್ಲಿ ‘ದನ’ ಎಂದು ಬರೆದ ಮಾತ್ರಕ್ಕೆ ಅದನ್ನು ನ್ಯೂನತೆಯೆನ್ನಲಾಗದು. ದೃಷ್ಟಿ ಮತ್ತು ಶ್ರವಣಗಳ ಪರೀಕ್ಷೆಯಂತೂ ಎಲ್ಲಕ್ಕಿಂತ ಮೊದಲು ಆಗಬೇಕು. ಹಲಗೆಯ ಮೇಲಿನ ಅಕ್ಷರ ಕಾಣದ ಮಗುವನ್ನು ವರ್ಷವಿಡೀ ಓದಿನಲ್ಲಿ ದುರ್ಬಲವೆಂದು ಭಾವಿಸುವ ಸಂಭವವುಂಟು.

ಕನ್ನಡ ಲಿಪಿಯ ವೈಶಿಷ್ಟ್ಯ

ಓದಿನ ತೊಡಕನ್ನು ಕುರಿತ ಗ್ರಂಥಗಳಲ್ಲಿ ಬಹುಪಾಲು ಇಂಗ್ಲಿಷ್ ಭಾಷೆಯನ್ನು ಆಧರಿಸಿದವು. ಅವುಗಳ ಲಕ್ಷಣಪಟ್ಟಿಯನ್ನು ನಮ್ಮ ಮಕ್ಕಳಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳು 26. ಆದರೆ ಬರೆದಂತೆ ಓದುವ ನಿಯಮ ಸಡಿಲ. ಕನ್ನಡದಲ್ಲಿ ಬರೆದಂತೆ ಓದುವ ನಿಯಮ ಗಟ್ಟಿ. ಆದರೆ ಗುರುತುಗಳು ಅಪಾರ. ಗುಣಿತಾಕ್ಷರಗಳನ್ನು ಎಣಿಸಿದರೇ ನಾಲ್ಕುನೂರು ದಾಟುತ್ತವೆ; ಅದರ ಮೇಲೆ ಒತ್ತಕ್ಷರಗಳು. ರೂಪಸಾಮ್ಯವೂ ಬಹಳ: ದ-ಧ, ಬ-ಭ, ವ-ಮ, ಪ-ಷ, ರ-ಠ ಇವುಗಳ ನಡುವಣ ಅಂತರ ಒಂದು ಸೀಳು, ಒಂದು ಕೊಂಡಿ ಅಥವಾ ಒಂದು ಚುಕ್ಕೆ ಮಾತ್ರ. ‘ಸೂರ್ಯ’ ಎಂಬಲ್ಲಿ ಉಚ್ಚಾರದಲ್ಲಿ ರೇಫೆ ಮೊದಲು, ಯಕಾರ ನಂತರ. ಬರಹದಲ್ಲಿ ಯಕಾರ ಮೊದಲು, ಅರ್ಕಾವೊತ್ತು ನಂತರ. ಕಿವಿ ಕೇಳಿದ ಕ್ರಮ ಒಂದು, ಕಣ್ಣು ಕಂಡ ಕ್ರಮ ಇನ್ನೊಂದು. ಧ್ವನಿ ಮತ್ತು ಗುರುತುಗಳ ಸಂಬಂಧವೇ ಬಿಗಿಯಾಗಿ ಕೂಡದ ಮಗು ಇಲ್ಲಿ ಎಡವದಿದ್ದರೆ ಆಶ್ಚರ್ಯ.

ಬೆಂಗಳೂರಿನಲ್ಲಿ ಕನ್ನಡ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧವು, ಕನ್ನಡದ ಅಕ್ಷರಜ್ಞಾನ ಪೂರ್ಣವಾಗಲು ಮಕ್ಕಳಿಗೆ ಹಲವು ವರ್ಷಗಳೇ ಹಿಡಿಯುತ್ತವೆಂದೂ, ನಾಲ್ಕನೆಯ ತರಗತಿಯವರೆಗೂ ಆ ಕಲಿಕೆ ಮುಂದುವರಿಯುತ್ತಿರುತ್ತದೆಂದೂ ತೋರಿಸಿದೆ. ಇದರಿಂದ ನಾವು ಎರಡು ಪಾಠಗಳನ್ನು ಕಲಿಯಬೇಕು. ಎರಡನೆಯ ತರಗತಿಯ ಮಗು ಒತ್ತಕ್ಷರಗಳಲ್ಲಿ ತಪ್ಪಿದರೆ ಗಾಬರಿಪಡಬೇಕಾಗಿಲ್ಲ. ಆದರೆ ಓರಗೆಯ ಮಕ್ಕಳೆಲ್ಲ ದಾಟಿದ ಮೇಲೆಯೂ ಒಂದು ಮಗು ಒಂದೊಂದೇ ಅಕ್ಷರವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದರೆ ಉಪೇಕ್ಷಿಸಬಾರದು. ಕನ್ನಡದಂಥ ಲಿಪಿಯಲ್ಲಿ ಓದಿನ ತೊಡಕು ತಪ್ಪುಗಳಿಗಿಂತ ಹೆಚ್ಚಾಗಿ ನಿಧಾನದ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅದರ ಆರಂಭವೇ ಮರೆತುಹೋಗಿ ಅರ್ಥ ಕೈತಪ್ಪುತ್ತದೆ.

ಗುರುತಿಸುವ ಬಗೆ

ಗುರುತಿಸುವ ಮೊದಲ ಅವಕಾಶ ತರಗತಿಯ ಉಪಾಧ್ಯಾಯರದು. ಗಮನಿಸಬೇಕಾದ ಸಂಗತಿಗಳು ಇವು: ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಗು ನಡುವಿನ ಒಂದಕ್ಷರವನ್ನು ಬೆರಳಿಟ್ಟು ಕೇಳಿದರೆ ಹೇಳಲಾರದೆ ಹೋಗುವುದು, ‘ಕಮಲ’ ಎಂಬುದರಲ್ಲಿ ಮೊದಲಕ್ಷರ ಬಿಟ್ಟರೆ ಏನುಳಿಯುವುದೆಂದು ಕೇಳಿದರೆ ತಿಳಿಯದಿರುವುದು, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆಯುವುದು, ಹಲಗೆಯಿಂದ ನಕಲು ಮಾಡುವಾಗ ಸಾಲುಗಳೇ ತಪ್ಪುವುದು, ಬಾಯುತ್ತರ ಚೆನ್ನಾಗಿದ್ದು ಲಿಖಿತ ಪರೀಕ್ಷೆಯಲ್ಲಿ ಮಾತ್ರ ಸೋಲುವುದು. ಈ ಕೊನೆಯ ಅಂತರವೇ ಎಲ್ಲಕ್ಕಿಂತ ಬೆಲೆಯುಳ್ಳ ಸೂಚನೆ. ಇವುಗಳಲ್ಲಿ ಹಲವು ಲಕ್ಷಣಗಳು ಆರು ತಿಂಗಳ ವಿಶೇಷ ಗಮನದ ಅನಂತರವೂ ಉಳಿದರೆ ತಜ್ಞರ ಸಲಹೆ ಪಡೆಯಬೇಕು.

ಕೇಂದ್ರ ಸರ್ಕಾರವು 2018ರ ಜನವರಿಯಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ಮೂರನೆಯ ತರಗತಿ ಅಥವಾ ಎಂಟನೆಯ ವಯಸ್ಸು, ಇವುಗಳಲ್ಲಿ ಯಾವುದು ಮೊದಲೋ ಆಗಲೇ ಮಕ್ಕಳ ಪ್ರಾಥಮಿಕ ತಪಾಸಣೆ ನಡೆಯಬೇಕೆಂದು ಸೂಚಿಸಿತು. ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷಾ ಸರಣಿಯನ್ನು ಹೆಸರಿಸಿತು. ನಮ್ಮ ನಾಡಿಗೆ ಈ ವಿಷಯದಲ್ಲಿ ಇರುವ ಅನುಕೂಲ ದೊಡ್ಡದು: ಬೆಂಗಳೂರಿನಲ್ಲಿ ನಿಮ್ಹಾನ್ಸ್, ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಧಾರವಾಡದಲ್ಲಿ ಡಿಮ್ಹಾನ್ಸ್. ಇವುಗಳಿಂದ ದೂರವಿರುವ ಊರಿನವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಎರಡನೆಯ ಗಾಯ

ಇಲ್ಲಿಯವರೆಗೆ ಹೇಳಿದುದು ಮೊದಲನೆಯ ತೊಡಕನ್ನು ಕುರಿತು. ಅದು ಮಗುವಿನೊಡನೆ ಹುಟ್ಟಿಬಂದುದು. ಆದರೆ ಶಾಲೆ ಸೇರಿದ ಮೇಲೆ ಮಗುವಿಗೆ ಎರಡನೆಯದೊಂದು ಗಾಯವಾಗುತ್ತದೆ. ಅದನ್ನು ಕೊಡುವವರು ನಾವು. ದಿನಕ್ಕೆ ಐದಾರು ಅವಧಿ, ವರ್ಷಕ್ಕೆ ಇನ್ನೂರು ದಿನಗಳಿಗೂ ಮಿಗಿಲಾಗಿ, ನಲವತ್ತು ಮಂದಿಯ ಮುಂದೆ ತನ್ನ ಸೋಲನ್ನು ಪ್ರದರ್ಶಿಸಬೇಕಾದ ಮಗುವಿನ ಸ್ಥಿತಿಯನ್ನು ಊಹಿಸಿಕೊಳ್ಳೋಣ. ಓದುವ ಸರದಿ ಬೆಂಚಿನಿಂದ ಬೆಂಚಿಗೆ ಸಮೀಪಿಸಿದಂತೆ ಅದರ ಎದೆಬಡಿತ ಏರುತ್ತದೆ. ಕೆಲವು ಮಕ್ಕಳು ನೀರು ಕುಡಿಯುವ ನೆಪದಿಂದ ಹೊರಗೆ ಹೋಗುತ್ತಾರೆ. ಕೆಲವರು ಪಾಠವನ್ನು ಕೇಳಿಯೇ ಬಾಯಿಪಾಠ ಮಾಡಿ ಓದಿದಂತೆ ನಟಿಸುತ್ತಾರೆ. ಕೆಲವರು ತುಂಟತನ ಮಾಡಿ ಹೊರಗೆ ಹಾಕಿಸಿಕೊಳ್ಳುತ್ತಾರೆ. ದಡ್ಡನೆನಿಸಿಕೊಳ್ಳುವುದಕ್ಕಿಂತ ತುಂಟನೆನಿಸಿಕೊಳ್ಳುವುದು ಆ ವಯಸ್ಸಿಗೆ ಕಡಿಮೆ ಅವಮಾನ.

ಈ ಅವಮಾನ ವರ್ಷಾನುಗಟ್ಟಲೆ ಮುಂದುವರಿದಾಗ ಮನಸ್ಸು ಕುಗ್ಗುತ್ತದೆ. ಬೆಳಗಾದರೆ ಹೊಟ್ಟೆನೋವು, ತಲೆನೋವು. ರಜೆಯ ದಿನ ಯಾವ ನೋವೂ ಇಲ್ಲ. ಇದನ್ನು ನಟನೆಯೆಂದು ಭಾವಿಸಬಾರದು. ಭಯವು ದೇಹದಲ್ಲಿ ನಿಜವಾದ ನೋವನ್ನೇ ಉಂಟುಮಾಡುತ್ತದೆ. ಹದಿಹರೆಯಕ್ಕೆ ಬಂದಂತೆ ಮಂಕು, ನಿದ್ರಾಹೀನತೆ, ಮುಂಗೋಪ, ಗೆಳೆಯರಿಂದ ದೂರ ಸರಿಯುವುದು, ಇಷ್ಟದ ಆಟವನ್ನೂ ಬಿಡುವುದು, ಕೊನೆಗೆ ಶಾಲೆಯನ್ನೇ ಬಿಡುವುದು ಕಾಣಬರುತ್ತವೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವಯಸ್ಸಿನವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಅಸ್ವಾಸ್ಥ್ಯವಿರುವುದನ್ನು ಕಂಡಿತು. ಎಲ್ಲಕ್ಕೂ ಕಲಿಕೆಯ ತೊಡಕೇ ಕಾರಣವಲ್ಲ, ನಿಜ. ಬಡತನ, ಮನೆಯ ಜಗಳ, ಕುಡಿತ, ಸಾವು, ದೌರ್ಜನ್ಯ ಮೊದಲಾದ ಕಾರಣಗಳೂ ಉಂಟು. ಆದರೆ ಕಲಿಕೆಯ ತೊಡಕಿರುವ ಮಕ್ಕಳು ಆತಂಕ ಮತ್ತು ಖಿನ್ನತೆಗಳಿಗೆ ಹೆಚ್ಚು ಸುಲಭವಾಗಿ ತುತ್ತಾಗುತ್ತಾರೆ. ಹಾಗೆಯೇ ಖಿನ್ನತೆಗೊಳಗಾದ ಜಾಣ ಮಗುವಿನ ಓದೂ ಕೆಡುತ್ತದೆ. ಆದುದರಿಂದ ಅಂಕಗಳು ಇದ್ದಕ್ಕಿದ್ದಂತೆ ಇಳಿದಾಗ ‘ಏಕೆ ಓದಲಿಲ್ಲ’ ಎಂಬ ಪ್ರಶ್ನೆಗಿಂತ ‘ಏನಾಯಿತು’ ಎಂಬ ಪ್ರಶ್ನೆ ಮೊದಲು ಬರಬೇಕು.

ಊರು ಬಿಟ್ಟು ಬಂದು ಉಚಿತ ಪ್ರಸಾದ ನಿಲಯಗಳಲ್ಲಿದ್ದು ಓದುವ ಮಕ್ಕಳ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಅಲ್ಲಿ ಸಂಜೆಯ ಹೊತ್ತು ಮಗುವಿನ ಮುಖ ನೋಡಿ ವಿಚಾರಿಸುವ ತಾಯಿ ಇರುವುದಿಲ್ಲ. ನಿಲಯಪಾಲಕರೇ ಆ ಕಾರ್ಯವನ್ನು ಮಾಡಬೇಕು. ಊಟದ ಪಂಕ್ತಿಯಲ್ಲಿ ತಟ್ಟೆ ಮುಟ್ಟದೆ ಎದ್ದವರು ಯಾರು, ಒಬ್ಬಂಟಿಯಾಗಿ ಕುಳಿತವರು ಯಾರು ಎಂಬುದನ್ನು ಗಮನಿಸಲು ಯಾವ ವಿಶೇಷ ತರಬೇತಿಯೂ ಬೇಕಿಲ್ಲ. ವಿದ್ಯಾರ್ಥಿಯೊಬ್ಬನು ಬದುಕು ಬೇಡವೆಂಬ ಮಾತನ್ನಾಡಿದರೆ ಅದನ್ನು ಹೆದರಿಸುವ ಮಾತೆಂದು ತಳ್ಳಿಹಾಕಬಾರದು. ಅವನನ್ನು ಒಂಟಿಯಾಗಿ ಬಿಡದೆ, ಶಾಂತವಾಗಿ ಕೇಳಿಕೊಂಡು, ಪಾಲಕರಿಗೂ ವೈದ್ಯರಿಗೂ ತಡಮಾಡದೆ ತಿಳಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಸಲಹೆ ಪಡೆಯಬಹುದು. ಸಂಕಟದಲ್ಲಿರುವ ಮಕ್ಕಳ ನೆರವಿಗೆ 1098 ಉಂಟು. ಈ ಎರಡು ಸಂಖ್ಯೆಗಳು ಪ್ರತಿಯೊಂದು ಶಾಲೆಯ, ಪ್ರತಿಯೊಂದು ನಿಲಯದ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ಬೀಳುವಂತೆ ಇರಬೇಕು.

ಬೋಧನೆಯಲ್ಲಿ ಮಾಡಬಹುದಾದ ಬದಲಾವಣೆ

ಓದಿನ ತೊಡಕಿಗೆ ಔಷಧವಿಲ್ಲ; ಬೋಧನೆಯೇ ಅದರ ಚಿಕಿತ್ಸೆ. ಸ್ಪಷ್ಟವಾದ, ಕ್ರಮಬದ್ಧವಾದ, ಮತ್ತೆ ಮತ್ತೆ ರೂಢಿಮಾಡಿಸುವ ಬೋಧನೆಯಿಂದ ಇಂಥ ಮಕ್ಕಳು ಓದಲು ಕಲಿಯುತ್ತಾರೆಂಬುದು ಸಿದ್ಧಪಟ್ಟ ವಿಷಯ. ವೇಗ ಕಡಿಮೆಯಿರಬಹುದು, ಆದರೆ ದಾರಿ ಮುಚ್ಚಿರುವುದಿಲ್ಲ. ದಿನಕ್ಕೆ ಅರ್ಧ ಗಂಟೆ, ನಾಲ್ಕೈದು ಮಕ್ಕಳ ಗುಂಪು ಇಷ್ಟಿದ್ದರೆ ಸಾಮಾನ್ಯ ಶಾಲೆಯಲ್ಲಿಯೂ ಕೆಲಸ ಆರಂಭಿಸಬಹುದು.

ಮೊದಲು ಕಿವಿಯ ಅಭ್ಯಾಸ: ಪದವನ್ನು ಚಪ್ಪಾಳೆಯೊಡನೆ ಅಕ್ಷರಗಳಾಗಿ ಬಿಡಿಸುವುದು, ಅಂತ್ಯಾಕ್ಷರಿ, ಪ್ರಾಸ ಹುಡುಕುವ ಆಟ. ಅನಂತರ ಅಕ್ಷರ. ನಮ್ಮ ರಾಜ್ಯದ ಪ್ರಾಥಮಿಕ ತರಗತಿಗಳಲ್ಲಿ ಬಳಕೆಗೆ ಬಂದ ‘ರ ಗ ಸ ದ ಅ’ ಎಂಬ ಕ್ರಮದಲ್ಲಿ ಒಂದು ಅನುಕೂಲವಿದೆ. ಐದೇ ಅಕ್ಷರಗಳಲ್ಲಿ ಸರ, ಅರಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮಗುವಿಗೆ ಮೊದಲ ವಾರದಲ್ಲಿಯೇ ಓದಿದ ತೃಪ್ತಿ ದೊರೆಯುತ್ತದೆ. ರೂಪಸಾಮ್ಯವಿರುವ ದ-ಧಗಳನ್ನು ಒಂದೇ ದಿನ ಕಲಿಸದೆ, ಒಂದು ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಹೋಗಬೇಕು. ಗುಣಿತಾಕ್ಷರಗಳನ್ನು ನಾಲ್ಕುನೂರು ಬಿಡಿ ಚಿತ್ರಗಳಾಗಿ ಬಾಯಿಪಾಠ ಮಾಡಿಸದೆ, ತಲೆಕಟ್ಟು, ಗುಡಿಸು, ಕೊಂಬು, ಏತ್ವ ಮೊದಲಾದ ಒಂದೊಂದು ಚಿಹ್ನೆಯೂ ಯಾವ ಸ್ವರವನ್ನು ಸೂಚಿಸುವುದೆಂಬುದನ್ನು ತಿಳಿಸಬೇಕು. ಆಗ ಹತ್ತು ಹನ್ನೆರಡು ಚಿಹ್ನೆಗಳ ನಿಯಮ ಕೈವಶವಾದರೆ ಉಳಿದುದು ತಾನಾಗಿ ಬರುತ್ತದೆ. ಹಿಂದಿನ ಕಾಲದಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತ ಗಟ್ಟಿಯಾಗಿ ಉಚ್ಚರಿಸಿ ಕಲಿಯುತ್ತಿದ್ದ ಪದ್ಧತಿ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಕಣ್ಣು, ಕಿವಿ, ಕೈ ಮೂರನ್ನೂ ಕೂಡಿಸಿ ಕಲಿಸುವ ಇದೇ ತತ್ವದ ಮೇಲೆ ಅಮೆರಿಕದಲ್ಲಿ ಆರ್ಟನ್ ಮತ್ತು ಗಿಲ್ಲಿಂಗ್‌ಹ್ಯಾಮ್ ಅವರ ಹೆಸರಿನ ಬೋಧನಾಕ್ರಮ ಬೆಳೆಯಿತು.

ಇವುಗಳ ಜೊತೆಗೆ ಖರ್ಚಿಲ್ಲದ ಕೆಲವು ಕ್ರಮಗಳುಂಟು. ಸಿದ್ಧತೆಗೆ ಅವಕಾಶ ಕೊಡದೆ ಇಂಥ ಮಗುವನ್ನು ಎಲ್ಲರೆದುರು ಓದಿಸಬಾರದು. ಯಾವ ಭಾಗ ಓದಬೇಕೆಂಬುದನ್ನು ಹಿಂದಿನ ದಿನವೇ ತಿಳಿಸಬಹುದು. ಇತಿಹಾಸ, ವಿಜ್ಞಾನಗಳಲ್ಲಿ ವಿಷಯಜ್ಞಾನಕ್ಕೆ ಅಂಕ ಕೊಟ್ಟು, ಕಾಗುಣಿತದ ತಪ್ಪನ್ನು ಬೇರೆಯಾಗಿ ತಿದ್ದಬಹುದು. ವಾರದ ಪರೀಕ್ಷೆಯಲ್ಲಿ ಬಾಯುತ್ತರಕ್ಕೆ ಎಡೆಕೊಡಬಹುದು. ತಪ್ಪಿದ ಪದವನ್ನು ನೂರು ಸಲ ಬರೆಯಿಸುವ ಶಿಕ್ಷೆಯಿಂದ ಕೈ ನೋಯುವುದೇ ಹೊರತು ಪದ ಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರಕಲೆ, ತೋಟಗಾರಿಕೆ, ಕ್ರೀಡೆ, ಸಂಗೀತ, ಯಂತ್ರದ ಕೆಲಸ ಇವುಗಳಲ್ಲಿ ಮಗುವಿಗೆ ಯಾವುದು ಒಲಿದಿದೆಯೋ ಅದನ್ನು ಶಾಲೆಯೆಲ್ಲ ಕಾಣುವಂತೆ ಮಾಡಬೇಕು.

ಕಾನೂನಿನ ಬೆಂಬಲ

ಈ ಕಾರ್ಯಕ್ಕೆ ಕಾನೂನಿನ ಒತ್ತಾಸೆಯೂ ಇದೆ. 2009ರ ಶಿಕ್ಷಣ ಹಕ್ಕು ಅಧಿನಿಯಮದ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ತರಗತಿಯಲ್ಲಿ ಮಗುವನ್ನು ದಡ್ಡನೆಂದು ಹೀಯಾಳಿಸುವುದು ಬರಿಯ ಅಭ್ಯಾಸದ ಮಾತಾಗಿ ಉಳಿದಿಲ್ಲ. 2016ರ ಅಧಿನಿಯಮದ 16ನೆಯ ಪ್ರಕರಣವು ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮ ಕೈಗೊಳ್ಳುವ ಹೊಣೆಯನ್ನು ವಿದ್ಯಾಸಂಸ್ಥೆಗಳ ಮೇಲೆ ಇರಿಸಿದೆ. ಪ್ರಮಾಣಪತ್ರ ಪಡೆದ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಮೊದಲಾದ ಅನುಕೂಲಗಳು ದೊರೆಯುತ್ತವೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಹೊಸ್ತಿಲಲ್ಲಿ ಈ ಪತ್ರಕ್ಕಾಗಿ ಓಡಾಡುವುದಕ್ಕಿಂತ ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳುವುದು ಲೇಸು.

ಮಾನಸಿಕ ಆರೋಗ್ಯದ ವಿಷಯದಲ್ಲಿಯೂ ನಮ್ಮ ನಾಡಿನ ಕೊಡುಗೆ ಸ್ಮರಣೀಯ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದ ಮೇಲೆ, ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಕೊಂಡೊಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ ಕೈಗೊಂಡದ್ದು ಬಳ್ಳಾರಿ ಜಿಲ್ಲೆಯಲ್ಲಿ. ಆ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದಲ್ಲಿ ಹಬ್ಬಿತು. ಮನೋವೈದ್ಯರ ಬಳಿ ಹೋಗುವುದೆಂದರೆ ಹುಚ್ಚಿನ ಮುದ್ರೆ ಬಿದ್ದಂತೆ ಎಂಬ ಅಂಜಿಕೆ ಈ ನೆಲದಲ್ಲಿಯಾದರೂ ಅಳಿಯಬೇಕು.

ಪಾಲಕರಲ್ಲಿ ಒಂದು ವಿನಂತಿ

ಎಷ್ಟೋ ಮನೆಗಳಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಮಕ್ಕಳೇ ಮೊದಲಿಗರು. ‘ನಮಗೇ ಅಕ್ಷರ ಬಾರದು, ನಾವೇನು ಮಾಡೋಣ’ ಎಂದು ಆ ಪಾಲಕರು ಕೈಚೆಲ್ಲಬೇಕಾಗಿಲ್ಲ. ಮಗುವಿಗೆ ಕಥೆ ಹೇಳುವುದು, ಒಗಟು ಕೇಳುವುದು, ಅದು ಓದಿದ ನಾಲ್ಕು ಸಾಲನ್ನು ತಾಳ್ಮೆಯಿಂದ ಕೇಳುವುದು, ಇವು ಅಕ್ಷರಜ್ಞಾನವನ್ನು ಬೇಡುವುದಿಲ್ಲ. ಅಕ್ಕನೊಡನೆ, ತಮ್ಮನೊಡನೆ, ನೆರೆಮನೆಯ ಹುಡುಗನೊಡನೆ ಹೋಲಿಸಿ ಆಡುವ ಮಾತನ್ನು ಮಾತ್ರ ಬಿಡಬೇಕು. ಉಪಾಧ್ಯಾಯರು ತಜ್ಞರಲ್ಲಿಗೆ ಕರೆದೊಯ್ಯಲು ಹೇಳಿದಾಗ ಅದನ್ನು ದೂರೆಂದು ಬಗೆಯದೆ ನೆರವೆಂದು ಸ್ವೀಕರಿಸಬೇಕು.

ಒಂದು ವಿದ್ಯಾಸಂಸ್ಥೆಯ ಕೀರ್ತಿಯನ್ನು ಅದರ ಪ್ರಥಮ ದರ್ಜೆಯ ಫಲಿತಾಂಶದಿಂದ ಅಳೆಯುವುದು ವಾಡಿಕೆ. ಆ ವಿದ್ಯಾರ್ಥಿಗಳಲ್ಲಿ ಹಲವರು ಯಾವ ಶಾಲೆಯಲ್ಲಿದ್ದರೂ ಮುಂದೆ ಬರುತ್ತಿದ್ದರು. ಆದರೆ ಕೊನೆಯ ಬೆಂಚಿನಲ್ಲಿ ಅಕ್ಷರಕ್ಕೆ ತೊಡರಿ ಕುಳಿತ ಮಗುವಿಗೆ ಈ ಶಾಲೆಯೇ ಸಿಕ್ಕ ಒಂದು ಅವಕಾಶ. ಅದರ ಹುಟ್ಟಿನ ತೊಡಕನ್ನು ಪೂರ್ತಿಯಾಗಿ ನೀಗುವುದು ನಮ್ಮಿಂದ ಆಗದಿರಬಹುದು. ಅವಮಾನದ ಗಾಯ ಆಗದಂತೆ ನೋಡಿಕೊಳ್ಳುವುದು ಮಾತ್ರ ಸಂಪೂರ್ಣವಾಗಿ ನಮ್ಮ ಕೈಯಲ್ಲಿದೆ. ಬರುವ ಶೈಕ್ಷಣಿಕ ವರ್ಷದಲ್ಲಿ ಪ್ರತಿಯೊಬ್ಬ ಉಪಾಧ್ಯಾಯರೂ ತಮ್ಮ ತರಗತಿಯ ಅಂಥ ಒಂದು ಮಗುವನ್ನು ಗುರುತಿಸಿ, ದಿನಕ್ಕೆ ಅರ್ಧ ಗಂಟೆಯನ್ನು ಅದಕ್ಕಾಗಿ ಮೀಸಲಿಟ್ಟರೆ, ವರ್ಷಾಂತ್ಯದಲ್ಲಿ ಆ ಮಗು ತಾನಾಗಿ ಓದುವ ಒಂದು ಪುಟವು ನಮ್ಮೆಲ್ಲರ ಶ್ರಮಕ್ಕೆ ತಕ್ಕ ಪ್ರತಿಫಲವಾದೀತು.